ಮೂರು ಕಾಲಿನ ಸಂಸಾರ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ವಾದಿಸುವವರನ್ನು ಬೇಕಾದಷ್ಟು ಕಂಡಿದ್ದೇವೆ. ತನಗಿರುವುದೇ ಮೂರು ಕಾಲು ಎಂದು ತಕರಾರಿಲ್ಲದೆ ಒಪ್ಪಿಕೊಂಡುಬಿಡುವುದು ನಾಯಿ. ಅಂಗಾಲಿಗೆ ಗಾಜಿನ ಚೂರು ಹೊಕ್ಕಿತೋ, ಆ ಕಾಲನ್ನು ಮಡಚಿ ಎತ್ತಿಕೊಂಡು ಉಳಿದ ಮೂರರಲ್ಲೇ ಬೆಕ್ಕನ್ನು ಅಟ್ಟಿಸಿಕೊಂಡು ಹೋಗುತ್ತದೆ. ನೆಲದ ಮೇಲಿನ ಕೆಂಪು ಹೆಜ್ಜೆಗಳನ್ನು ನೋಡಿ ಎದೆ ಬಡಿದುಕೊಳ್ಳುವವರು ನಾವು.

ಆ ರಕ್ತಕ್ಕಾದರೂ ಗಾಯದ ಅಳತೆಯ ಗೊಡವೆಯಿಲ್ಲ. ಅಂಗಾಲಿನ ಮೆತ್ತೆ ಹೊರಗೆ ಒರಟು ಚರ್ಮ, ಒಳಗೆ ಕೊಬ್ಬು, ನಡುವೆ ಹೇರಳ ರಕ್ತನಾಳ. ಸಣ್ಣ ಸೀಳಿಗೂ ಧಾರಾಳವಾಗಿ ಸುರಿಸುತ್ತದೆ. ಮೇಲಾಗಿ ನಾಯಿ ನಡೆಯುವುದು ಬೆರಳುಗಳ ಮೇಲೆ, ಹಿಮ್ಮಡಿ ನೆಲ ಮುಟ್ಟುವುದೇ ಇಲ್ಲ. ನಿಂತಾಗ ಮೈಭಾರದ ಸುಮಾರು ಶೇ. 60ರಷ್ಟು ಮುಂಗಾಲುಗಳದೇ ಪಾಲು. ಹೆಜ್ಜೆಯೂರಿದಾಗಲೆಲ್ಲ ಮೆತ್ತೆ ಅಗಲವಾಗುತ್ತದೆ, ಕೂಡಿಕೊಳ್ಳುತ್ತಿದ್ದ ಗಾಯ ಮತ್ತೆ ಬಾಯಿ ಬಿಡುತ್ತದೆ. ಬೇರೆ ಕಡೆಯ ಗಾಯ ಮಾಗಿದಷ್ಟು ಬೇಗ ಇದು ಮಾಗದಿರುವುದು ಅದಕ್ಕೇ.

ರಕ್ತ ನಿಲ್ಲಿಸುವುದು ಕಷ್ಟದ ಕೆಲಸವಲ್ಲ. ಶುಚಿಯಾದ ಬಟ್ಟೆಯನ್ನು 5ರಿಂದ 10 ನಿಮಿಷ ಒತ್ತಿ ಹಿಡಿದರಾಯಿತು. ಆದರೆ ಅರೆ ನಿಮಿಷಕ್ಕೊಮ್ಮೆ 'ನಿಂತಿತೇ?' ಎಂದು ಎತ್ತಿ ನೋಡುವ ಚಟ ಮನುಷ್ಯನದು, ನೋಡಿದಷ್ಟೂ ಹರಿಯುತ್ತದೆ. ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಬೇಕು. ಹೈಡ್ರೋಜನ್ ಪೆರಾಕ್ಸೈಡ್ ಸುರಿದು ನೊರೆ ಕಂಡು ಖುಷಿಪಡುವವರಿದ್ದಾರೆ. ಆ ನೊರೆ ಹೊಸ ಜೀವಕೋಶಗಳನ್ನೂ ಸುಡುತ್ತದೆ. ಆಳಕ್ಕೆ ಚುಚ್ಚಿಕೊಂಡಿದ್ದನ್ನು ಕೀಳುವ ಸಾಹಸ ಮಾತ್ರ ಪಶುವೈದ್ಯರಿಗೇ ಇರಲಿ. ನಮ್ಮ ತಲೆನೋವಿನ ಮಾತ್ರೆಯಲ್ಲಿ ಅದಕ್ಕೊಂದು ಪಾಲು ಕೊಡುವ ಔದಾರ್ಯವೂ ಬೇಡ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾಯಿಗೆ ವಿಷವಾಗಬಲ್ಲವು.

ನಿಜವಾದ ಯುದ್ಧ ಶುರುವಾಗುವುದು ಬ್ಯಾಂಡೇಜಿನಿಂದ. ಬೆರಳುಗಳ ಸಂದಿಗೆ ಹತ್ತಿ ಇಟ್ಟು, ಕೆಳಗಿನಿಂದ ಮೇಲಕ್ಕೆ ಸುತ್ತಿಕೊಂಡು ಬಂದು, ನಡುವಿನ ಎರಡು ಉಗುರುಗಳನ್ನು ಕಾಣುವಂತೆ ಬಿಡುತ್ತಾರೆ. ಆ ಉಗುರುಗಳು ಒಂದರಿಂದೊಂದು ದೂರ ಸರಿದರೆ ಒಳಗೆ ಊತವಿದೆ, ಕಟ್ಟು ಬಿಗಿಯಾಗಿದೆ ಎಂದು ಲೆಕ್ಕ. ಸಡಿಲ ಬಿಟ್ಟರೋ, ಒಂದೇ ಒದರಿಗೆ ಇಡೀ ಕಟ್ಟು ಸೋಫಾದ ಕೆಳಗೆ. ಹೊರಗೆ ಹೋಗುವಾಗ ಒದ್ದೆಯಾಗದಂತೆ ಪ್ಲಾಸ್ಟಿಕ್ ಚೀಲ ತೊಡಿಸಿ, ಒಳಗೆ ಬಂದೊಡನೆ ಬಿಚ್ಚಬೇಕು. ನಾಯಿ ಬೆವರುವುದೇ ಅಂಗಾಲಿನಲ್ಲಿ, ಚೀಲದೊಳಗೆ ಬೆಂದುಹೋಗುತ್ತದೆ.

ನೆಕ್ಕಿದರೆ ಗಾಯ ಮಾಯುತ್ತದೆ ಎಂಬ ನಂಬಿಕೆಗೆ ಕೂದಲೆಳೆಯಷ್ಟು ಆಧಾರವುಂಟು. ನಾಯಿಯ ಜೊಲ್ಲು ಕೆಲವು ಬ್ಯಾಕ್ಟೀರಿಯಾಗಳನ್ನು ತಕ್ಕಮಟ್ಟಿಗೆ ಕೊಲ್ಲುತ್ತದೆ. ಆದರೆ ಎಲ್ಲಿಗೆ ನಿಲ್ಲಿಸಬೇಕೆಂಬುದು ಆ ನಾಲಿಗೆಗೆ ಗೊತ್ತಿಲ್ಲ, ಹೊಲಿಗೆಯನ್ನೂ ಬಿಚ್ಚಿಬಿಡುತ್ತದೆ. ಅದಕ್ಕೇ ಕೊರಳಿಗೆ ಆ ಪ್ಲಾಸ್ಟಿಕ್ ಕೋನ್. ಧ್ವನಿವರ್ಧಕದಂತೆ ಕಾಣುವ ಅದನ್ನು ತೊಟ್ಟು, ಬಾಗಿಲ ಚೌಕಟ್ಟು, ಕುರ್ಚಿ, ನಮ್ಮ ಮೊಣಕಾಲು ಎಲ್ಲಕ್ಕೂ ಢಿಕ್ಕಿ ಹೊಡೆಯುತ್ತ ತಿರುಗುವ ನಾಯಿಯ ಮುಖದಲ್ಲಿ ಗಾಯದ ನೋವಿಗಿಂತ ಮಾನಹಾನಿಯ ನೋವೇ ದೊಡ್ಡದು.

ಇಷ್ಟಾದರೂ ಔಷಧಿ, ಕಟ್ಟು, ಕೋನ್ ಎಲ್ಲವನ್ನೂ ಹೇಗೋ ಸಾಗಿಸಬಹುದು, ಸಾಗಿಸಲಾಗದ್ದು ವಿಶ್ರಾಂತಿ. ನಾಯಿಗೆ ಕೆಲಸವಿಲ್ಲ, ಕೂರಲು ಪುರುಸೊತ್ತಿಲ್ಲ ಎಂದು ಗಾದೆ ಕಟ್ಟಿದವರ ಮನೆಯಲ್ಲೂ ಕಾಲಿಗೆ ಪೆಟ್ಟಾದ ನಾಯಿಯೊಂದು ಇದ್ದಿರಬೇಕು. 'ಓಡಾಡಿಸಬೇಡಿ, ಮೆಟ್ಟಿಲು ಹತ್ತಿಸಬೇಡಿ' ಎಂದು ವೈದ್ಯರು ಹೇಳುವುದು ನಮಗೆ, ಪಾಲಿಸಬೇಕಾದದ್ದು ಅದು. ಕೊನೆಗೆ ಆಗುವುದೇನೆಂದರೆ, ಅದು ಏಳದಿರಲೆಂದು ನಾವು ಏಳುವುದಿಲ್ಲ. ಅದರ ಪಕ್ಕ ನೆಲದ ಮೇಲೆ ಕೂತು, ಬಾಗಿಲ ಗಂಟೆ ಹೊಡೆದರೂ ಕೇಳಿಸದವರಂತೆ ನಟಿಸುತ್ತೇವೆ.