ಸುರಂಗದಲ್ಲಿ ಉಳಿದ ಒಂದು ಮತ

"ಅಷ್ಟು ದೂರ ಹೋಗಿ ಕೊನೆಗೆ ನೀನೂ ಆ ಡ್ರೈವರ್ ಆದೆಯಲ್ಲಪ್ಪ" ಎಂದು ಅಪ್ಪ ಫೋನಿನಲ್ಲಿ ನಕ್ಕಾಗ ನನಗೆ ನಗು ಬರಲಿಲ್ಲ.

2018ರ ಜನವರಿ 4. ಹೊರಗೆ ವಿಪರೀತ ಹಿಮ, ಕಚೇರಿಗೆ ರಜೆ. ವರ್ಜೀನಿಯಾ ರಾಜ್ಯದ ನ್ಯೂಪೋರ್ಟ್ ನ್ಯೂಸ್ ಎಂಬ ಹಡಗು ಕಟ್ಟುವ ಊರಿನಲ್ಲಿ, ಮನೆಯೊಳಗೆ ಕಾಫಿ ಲೋಟ ಹಿಡಿದು ಕುಳಿತು, ನನ್ನ ಕ್ಷೇತ್ರದ ಶಾಸಕರು ಯಾರೆಂದು ಬೋಗುಣಿಯೊಳಗೆ ಕೈಹಾಕಿ ತೀರ್ಮಾನಿಸುವುದನ್ನು ಲ್ಯಾಪ್‌ಟಾಪಿನಲ್ಲಿ ನೋಡುತ್ತಿದ್ದೆ. ಕಲಾ ಸಂಗ್ರಹಾಲಯದಿಂದ ತಂದ ನೀಲಿ-ಬಿಳಿ ಬೋಗುಣಿ. ಅದರೊಳಗೆ ಎರಡು ಡಬ್ಬಿ, ಹಿಂದೆ ಕ್ಯಾಮೆರಾದ ಫಿಲಂ ಸುರುಳಿ ಇಡುತ್ತಿದ್ದಂಥವು. ಒಂದೊಂದರಲ್ಲಿ ಒಂದೊಂದು ಹೆಸರಿನ ಚೀಟಿ. ರಾಜ್ಯ ಚುನಾವಣಾ ಮಂಡಳಿಯ ಅಧ್ಯಕ್ಷರು ಒಂದನ್ನು ಎತ್ತಿ ಬಿಚ್ಚಿ ಓದಿದರು: ಡೇವಿಡ್ ಯಾನ್ಸಿ. ಅಲ್ಲಿಗೆ ಮುಗಿಯಿತು. ನೂರು ಸ್ಥಾನಗಳ ಕೆಳಮನೆಯಲ್ಲಿ ರಿಪಬ್ಲಿಕನ್ ಪಕ್ಷಕ್ಕೆ 51, ಡೆಮಾಕ್ರಟಿಕ್ ಪಕ್ಷಕ್ಕೆ 49. ಇನ್ನೊಂದು ಡಬ್ಬಿ ಕೈಗೆ ಸಿಕ್ಕಿದ್ದರೆ 50-50.

94ನೇ ಕ್ಷೇತ್ರದಲ್ಲಿ ರಿಪಬ್ಲಿಕನ್ ಪಕ್ಷದ ಯಾನ್ಸಿ ಮತ್ತು ಡೆಮಾಕ್ರಟಿಕ್ ಪಕ್ಷದ ಶೆಲ್ಲಿ ಸೈಮಂಡ್ಸ್ ಇಬ್ಬರಿಗೂ ಬಂದದ್ದು ತಲಾ 11,608 ಮತ. ನಾನು ಆ ಕ್ಷೇತ್ರದ ಮತದಾರ. ಮತ ಹಾಕಿರಲಿಲ್ಲ.

ಯಾಕೆ ಹಾಕಲಿಲ್ಲ ಎಂಬುದನ್ನು ಹೇಳಿಬಿಡುತ್ತೇನೆ. ಆಗ ಅಮೆರಿಕದ ಪೌರತ್ವ ಸಿಕ್ಕಿ ಒಂದು ವರ್ಷವಾಗಿತ್ತು. 2017ರ ನವೆಂಬರ್ 7, ಮಂಗಳವಾರ. ಇಲ್ಲಿ ಮತದಾನ ನಡೆಯುವುದೇ ಮಂಗಳವಾರ, ಆಗ ಅದಕ್ಕೆ ರಜೆಯೂ ಇರಲಿಲ್ಲ. ನನ್ನ ಕಚೇರಿ ಕೊಲ್ಲಿಯ ಆಚೆ ದಡದ ನಾರ್ಫೋಕ್‌ನಲ್ಲಿ. ನಡುವೆ ನೀರಿನಡಿಯ ಸುರಂಗ. ಅದರ ವಾಹನ ದಟ್ಟಣೆಯನ್ನು ಬೈಯದವರು ಈ ಭಾಗದಲ್ಲಿ ಇಲ್ಲ. ಮತಗಟ್ಟೆ ತೆರೆದಿರುವುದು ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ. ಸಂಜೆ ಹೋದರಾಯಿತು ಎಂದುಕೊಂಡೆ. ಗಡಿಯಾರ ಏಳು ತೋರಿಸಿದಾಗ ಮುಂದಿನ ಲಾರಿಯ ಕೆಂಪು ದೀಪ ನೋಡುತ್ತಾ ಸುರಂಗದಲ್ಲಿ ಕುಳಿತಿದ್ದೆ. ಒಂದು ಮತದಿಂದ ಏನು ಮಹಾ ಆದೀತು ಎಂದು ಆಗ ಅಂದುಕೊಂಡದ್ದು ಚೆನ್ನಾಗಿ ನೆನಪಿದೆ.

ಈ ಮಾತನ್ನು ಯಾರು ಬೇಕಾದರೂ ಆಡಬಹುದು, ಸಂತೆಮರಹಳ್ಳಿಯ ಕಡೆಯವನು ಆಡುವಂತಿಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಧ್ರುವನಾರಾಯಣ ಅವರಿಗೆ 40,752, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಸೋತವರ ಕಾರಿನ ಡ್ರೈವರ್ ಅಂದು ಮತ ಹಾಕಲು ಹೋಗಿರಲಿಲ್ಲ ಎಂಬುದು ಊರೂರು ತಿರುಗಿ ಗಾದೆಯಾಗಿಬಿಟ್ಟಿದೆ. ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕೆಂಬ ಕಾನೂನಿದೆ. ಆದರೆ ಅಭ್ಯರ್ಥಿಯ ಡ್ರೈವರ್‌ಗೆ ಆ ದಿನವೇ ಅಲ್ಲವೇ ಕೈತುಂಬಾ ಕೆಲಸ.

ನಾನು ಆ ಚುನಾವಣೆಯಲ್ಲಿ ಮತ ಹಾಕಿದ್ದೆ. ಬೆಂಗಳೂರಿನಲ್ಲಿ ಕೆಲಸ, ಹೆಸರು ಮಾತ್ರ ಊರಿನ ಪಟ್ಟಿಯಲ್ಲಿ. ಹಿಂದಿನ ರಾತ್ರಿ ಮೆಜೆಸ್ಟಿಕ್‌ನಲ್ಲಿ ಕೊಳ್ಳೇಗಾಲದ ಬಸ್ಸಿಗೆ ನೂಕುನುಗ್ಗಲು, ಎಲ್ಲರೂ ಊರಿಗೆ ಹೊರಟವರೇ. ಬಾಗಿಲ ಬಳಿ ನಿಂತೇ ಪ್ರಯಾಣ ಮಾಡಿ ಯಳಂದೂರಿನ ಮೇಲೆ ಊರು ಸೇರಿದೆ. ಫಲಿತಾಂಶ ಬಂದ ಮೇಲೆ ನಮ್ಮ ಬೀದಿಯಲ್ಲಿ ಗೆಲ್ಲಿಸಿದ ಆ ಒಂದು ಮತ ತನ್ನದೇ ಎನ್ನದವರು ಇರಲಿಲ್ಲ. ಚಹಾದ ಅಂಗಡಿಯವರು, ಕ್ಷೌರದವರು, ಎರಡು ದಿನ ಜ್ವರದಲ್ಲಿ ಮಲಗಿ ಮೂರನೆಯ ದಿನ ಕಂಬಳಿ ಹೊದ್ದು ಬಂದಿದ್ದ ನಮ್ಮ ದೊಡ್ಡಪ್ಪ. ಸೋತವರ ಕಡೆಯವರದು ಇನ್ನೊಂದು ಲೆಕ್ಕ: ಬಾರದೇ ಹೋದವರು ಯಾರು ಯಾರು ಎಂದು ತಿಂಗಳುಗಟ್ಟಲೆ ಬೆರಳು ಮಡಚಿದರು.

ಬಾರದವರನ್ನು ಹೀಗೆ ಎಣಿಸುವುದನ್ನು ಮಾತ್ರ ನಾನು ಇಲ್ಲಿ ಎಲ್ಲಿಯೂ ಕಂಡಿಲ್ಲ. ನಮ್ಮಲ್ಲಿ ಮತಗಟ್ಟೆಯಿಂದ ಆಚೆ ಒಂದು ಮೇಜು, ಎರಡು ಕುರ್ಚಿ, ಮತದಾರರ ಪಟ್ಟಿಯ ಪ್ರತಿ, ಕಿವಿಯ ಸಂದಿಯಲ್ಲಿ ಪೆನ್ನು ಸಿಕ್ಕಿಸಿಕೊಂಡ ಒಬ್ಬ. ಬಂದವರ ಹೆಸರಿನ ಎದುರು ಗೆರೆ ಎಳೆಯುತ್ತಾ ಹೋಗುತ್ತಾನೆ. ಮಧ್ಯಾಹ್ನ ಮೂರರ ಹೊತ್ತಿಗೆ ಗೆರೆ ಬೀಳದ ಹೆಸರುಗಳನ್ನು ಓದುತ್ತಾನೆ. ಹುಡುಗರು ಓಡುತ್ತಾರೆ. ನಮ್ಮ ಅಜ್ಜಿ ಸೊಂಟ ನೋವೆಂದು ಮಲಗಿದ್ದಾಗ ಎದುರಾಳಿ ಪಕ್ಷಗಳ ಇಬ್ಬರು ಹುಡುಗರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಆಚೆ ಈಚೆ ಹಿಡಿದು ಹೊತ್ತು ತಂದರು. ದಾರಿಯುದ್ದಕ್ಕೂ ಅಜ್ಜಿ ಇಬ್ಬರಿಗೂ "ನಿನಗೇ ಕಣಪ್ಪ" ಎನ್ನುತ್ತಾ ಬಂದರು.

ಇಲ್ಲಿ ನನ್ನ ಬಾಗಿಲಿಗೆ ಬಂದದ್ದು ಕರಪತ್ರ, ಅದೂ ಅಂಚೆಯಲ್ಲಿ. ಪಿಜ್ಜಾ ಅಂಗಡಿಯ ರಿಯಾಯಿತಿ ಚೀಟಿಗಳ ಜೊತೆ ಕಸದ ಬುಟ್ಟಿಗೆ ಹೋಯಿತು. ಒಂದು ಶನಿವಾರ ಯಾರೋ ಗಂಟೆ ಒತ್ತಿದ್ದರಂತೆ. ನಾವು ತರಕಾರಿಗೆ ಹೋಗಿದ್ದೆವು, ಬಾಗಿಲ ಹಿಡಿಗೆ ಒಂದು ಕಾಗದ ನೇತುಹಾಕಿ ಹೋಗಿದ್ದರು. ಮತದಾನದ ದಿನ ಪಕ್ಕದ ಮನೆಯವರು ಎಂದಿನಂತೆ ಎಲೆ ಗುಡಿಸುತ್ತಿದ್ದರು. ಹಾಕಿದಿರಾ ಎಂದು ಅವರು ಕೇಳಲಿಲ್ಲ, ಕೇಳುವುದು ಸಭ್ಯತೆಯಲ್ಲ. ಈ ಸಭ್ಯತೆಯ ಬಗ್ಗೆ ನನಗೆ ತಕರಾರಿದೆ. ಮತ ನನ್ನ ಸ್ವಂತ ವಿಷಯ, ಹಾಕಿದರೂ ಬಿಟ್ಟರೂ ಯಾರೂ ಕೇಳುವುದಿಲ್ಲ. ಆದರೆ ಯಾರೂ ಕೇಳದ ಮತವನ್ನು ಸುರಂಗದಲ್ಲಿ ಬಿಟ್ಟುಬರುವುದು ಎಷ್ಟು ಸುಲಭ! ಊರಿನಲ್ಲಿದ್ದಿದ್ದರೆ ಮಧ್ಯಾಹ್ನ ಮೂರಕ್ಕೇ ನನ್ನ ಹೆಸರು ಕೂಗಿ ಮಾನ ಕಳೆದಿರುತ್ತಿದ್ದರು.

ಎಣಿಕೆಯ ಕಥೆಯಂತೂ ಇನ್ನೂ ಸೋಜಿಗ. ಮೊದಲು ಯಾನ್ಸಿ 10 ಮತಗಳಿಂದ ಮುಂದಿದ್ದರು. ಡಿಸೆಂಬರ್ 19ರ ಮರುಎಣಿಕೆಯಲ್ಲಿ ಸೈಮಂಡ್ಸ್ ಒಂದು ಮತದಿಂದ ಮುಂದಾದರು. ರಿಪಬ್ಲಿಕನ್ ನಾಯಕರು ಅಭಿನಂದನೆಯನ್ನೂ ಹೇಳಿಬಿಟ್ಟರು. ಮಾರನೆಯ ದಿನ ಒಂದೇ ಒಂದು ಮತಪತ್ರ ಮೂವರು ನ್ಯಾಯಾಧೀಶರ ಮುಂದೆ ಬಂತು. ಅದನ್ನು ಹಾಕಿದ ಪುಣ್ಯಾತ್ಮರು ಇಬ್ಬರ ಹೆಸರಿನ ಮುಂದಿನ ಖಾಲಿ ವೃತ್ತವನ್ನೂ ಪೆನ್ನಿನಿಂದ ತುಂಬಿ, ಸೈಮಂಡ್ಸ್ ಅವರ ವೃತ್ತದ ಮೇಲೆ ಒಂದು ಗೆರೆ ಎಳೆದಿದ್ದರು. ಗೆರೆ ಎಂದರೆ ಹೊಡೆದುಹಾಕಿದ್ದು ಎಂದು ನ್ಯಾಯಾಧೀಶರು ಓದಿದರು. ಮತ ಯಾನ್ಸಿಗೆ ಹೋಯಿತು, ಸಮಸಮವಾಯಿತು, ಬೋಗುಣಿ ಬಂತು. 2004ರಲ್ಲಿ ಸಂತೆಮರಹಳ್ಳಿಯ ಹೊಲಗಳ ನಡುವಿನ ಶಾಲೆಗಳಲ್ಲೂ ಮತಯಂತ್ರದ ಗುಂಡಿ ಒತ್ತಿದ್ದೆವು, ಕೀ ಎಂದು ಸದ್ದಾಗಿತ್ತು. ಹದಿಮೂರು ವರ್ಷದ ನಂತರ ಅಮೆರಿಕದಲ್ಲಿ ಪೆನ್ನಿನ ಗೆರೆಯ ಅರ್ಥ ಹೇಳಲು ಮೂವರು ನ್ಯಾಯಾಧೀಶರು ಕೂರಬೇಕಾಯಿತು.

ಇದನ್ನೆಲ್ಲ ಅಪ್ಪನಿಗೆ ಹೇಳಿ, ಚೀಟಿ ಎತ್ತಿ ಶಾಸಕರನ್ನು ಆರಿಸುವ ದೇಶ ಇದು ಎಂದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ನಮ್ಮ ಪಂಚಾಯಿತಿಯಲ್ಲಿ ಎತ್ತುವುದಿಲ್ಲವೇ?" ಎಂದರು. ನಿಜ. ನಮ್ಮ ಪ್ರಜಾಪ್ರತಿನಿಧಿ ಕಾಯ್ದೆಯಲ್ಲೂ ಸಮ ಬಂದರೆ ಚೀಟಿಯೇ. ಕೃಷ್ಣಮೂರ್ತಿ ಅವರಿಗೆ ಇನ್ನೊಂದು ಮತ ಬಿದ್ದಿದ್ದರೆ ಅಲ್ಲಿಯೂ ಯಾರಾದರೂ ಒಂದು ಪಾತ್ರೆ ಹುಡುಕಬೇಕಿತ್ತು.

ಇನ್ನೊಂದನ್ನು ಒಪ್ಪಿಕೊಳ್ಳಬೇಕು, ಮನಸ್ಸಿಲ್ಲದಿದ್ದರೂ. ಅಜ್ಜಿಯನ್ನು ಹೊತ್ತು ತಂದ ಹುಡುಗರ ಅಂಗಿಯ ಜೇಬು ಖಾಲಿಯೇನೂ ಇರಲಿಲ್ಲ. ಹಿಂದಿನ ರಾತ್ರಿ ಬೀದಿಯ ದೀಪ ಆರಿದಾಗ ಮನೆ ಮನೆಗೆ ಏನು ಬರುತ್ತಿತ್ತು ಎಂಬುದು ಎಲ್ಲರಿಗೂ ಗೊತ್ತು. ಇಲ್ಲಿ ನನಗೆ ಯಾರೂ ಸೀರೆ ಕೊಟ್ಟಿಲ್ಲ, ಕುಕ್ಕರೂ ಕೊಟ್ಟಿಲ್ಲ. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮನೆಯವರು ಮತದಾನದ ರಜೆ ಸಿಕ್ಕರೆ ಸಕಲೇಶಪುರದ ಹೋಂಸ್ಟೇ ಹಿಡಿಯುತ್ತಾರೆ. ನೂರಕ್ಕೆ ಐವತ್ತರ ಆಸುಪಾಸಿನಲ್ಲೇ ಒದ್ದಾಡುವ ಬೆಂಗಳೂರಿನ ಮತದಾನವನ್ನು ನೋಡಿದರೆ ಕುರ್ಚಿ ಹೊರುವ ಹುಡುಗರು ಕನಕಪುರ ರಸ್ತೆ ದಾಟಿ ಒಳಗೆ ಬಂದಂತಿಲ್ಲ. ನನ್ನ ಸುರಂಗದ ಕಥೆಯಲ್ಲೂ ಒಂದು ಮಾತು ಮುಚ್ಚಿಟ್ಟಿದ್ದೇನೆ: ಕೆಲಸ ಮತ್ತು ಪ್ರಯಾಣ ಸೇರಿ 11 ಗಂಟೆ ದಾಟುವವರು ಮೊದಲೇ ಮತ ಹಾಕಲು ಆಗಲೂ ಅವಕಾಶವಿತ್ತು. ಅರ್ಜಿ ತುಂಬಬೇಕಿತ್ತು, ತುಂಬಲಿಲ್ಲ. 2020ರಲ್ಲಿ ವರ್ಜೀನಿಯಾ ಚುನಾವಣೆಯ ದಿನವನ್ನು ರಾಜ್ಯದ ರಜೆ ಮಾಡಿತು. ಕಾರಣ ಹೇಳದೆ 45 ದಿನ ಮೊದಲಿಂದಲೇ ಮತ ಹಾಕಬಹುದು ಎಂದೂ ಮಾಡಿತು. ನನ್ನಂಥವರಿಗೆ ಈಗ ನೆಪವೂ ಉಳಿದಿಲ್ಲ.

ಸಂತೆಮರಹಳ್ಳಿ ಕ್ಷೇತ್ರ 2008ರ ಮರುವಿಂಗಡಣೆಯಲ್ಲಿ ಇಲ್ಲವಾಯಿತು. ಧ್ರುವನಾರಾಯಣ ಮುಂದೆ ಸಂಸದರೂ ಆಗಿದ್ದರು, 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಒಂದು ಮತದಿಂದ ಸೋತಿದ್ದ ಕೃಷ್ಣಮೂರ್ತಿ ಅದೇ ವರ್ಷ ಕಾಂಗ್ರೆಸ್ಸಿನಿಂದಲೇ ಕೊಳ್ಳೇಗಾಲದಲ್ಲಿ ಭಾರೀ ಅಂತರದಲ್ಲಿ ಗೆದ್ದರು. 94 ಎಂಬ ಸಂಖ್ಯೆಯೂ ಈಗ ನಮ್ಮ ಊರಿನದಲ್ಲ, ಹೊಸ ಗಡಿರೇಖೆಯಲ್ಲಿ ಅದು ಸುರಂಗದಾಚೆಯ ನಾರ್ಫೋಕ್ ಪಾಲಾಗಿದೆ.

ಅದಕ್ಕೂ ಮೊದಲು, 2019ರ ನವೆಂಬರ್‌ನಲ್ಲಿ, ಅದೇ ಇಬ್ಬರು ಮತ್ತೆ ಎದುರಾದರು. ಅಷ್ಟರಲ್ಲಿ ನ್ಯಾಯಾಲಯ ಕ್ಷೇತ್ರದ ಗೆರೆಗಳನ್ನೂ ಬದಲಿಸಿತ್ತು. ಸೈಮಂಡ್ಸ್ ಗೆದ್ದರು, ಬೋಗುಣಿ ಬೇಕಾಗಲಿಲ್ಲ. ಅಂದು ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷವಿರುವಾಗಲೇ ಹೋಗಿ ನಿಂತಿದ್ದೆ. ನನಗಿಂತ ಮೊದಲು ನಾಲ್ಕೇ ಜನ. ಮುಗಿಸಿ ಬಂದು ಕಾರಿನಲ್ಲಿ ಕುಳಿತು ಅಪ್ಪನಿಗೆ ವಿಡಿಯೋ ಕರೆ ಮಾಡಿದೆ.

"ಬೆರಳು ತೋರಿಸು" ಎಂದರು.

ಇಲ್ಲಿ ಶಾಯಿ ಹಚ್ಚುವುದಿಲ್ಲ ಅಪ್ಪ, ಎಂದು ಅಂಗಿಯ ಮೇಲೆ ಅಂಟಿಸಿಕೊಂಡಿದ್ದ 'ನಾನು ಮತ ಹಾಕಿದೆ' ಎಂಬ ಸ್ಟಿಕ್ಕರನ್ನು ಕ್ಯಾಮೆರಾದ ಹತ್ತಿರ ಹಿಡಿದೆ. ಕನ್ನಡಕ ಮೇಲೆ ಸರಿಸಿ ಸ್ವಲ್ಪ ಹೊತ್ತು ನೋಡಿದರು.

"ಸೇಬಿನ ಹಣ್ಣಿನ ಮೇಲೆ ಅಂಟಿಸಿರುತ್ತಾರಲ್ಲ, ಅಂಥದ್ದೇ ತಾನೆ? ಇದನ್ನು ನಂಬುವುದು ಹೇಗಪ್ಪ?"