ಗಾಳಿಗೂ ಲೀಟರ್ ಲೆಕ್ಕ

2016ರ ಜನವರಿಯಲ್ಲಿ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿ ಹೊರಬಿದ್ದಾಗ ಅದರಲ್ಲಿ ದಾವಣಗೆರೆಯೂ ಇತ್ತು. ಊರೇ ಸ್ಮಾರ್ಟ್ ಆದ ಮೇಲೆ ಮಾಳಿಗೆ ಮೇಲಿನ ಟ್ಯಾಂಕು ದಡ್ಡನಾಗಿ ಕೂತರೆ ಮರ್ಯಾದೆ ಉಳಿದೀತೆ? ಹಾಗಾಗಿ ಈಗ ಓಣಿಗೊಬ್ಬ ಬಿ.ಇ. ಹುಡುಗ ಏಣಿ ಹತ್ತಿ, ಟ್ಯಾಂಕಿನ ಮುಚ್ಚಳಕ್ಕೆ ತೂತು ಕೊರೆದು, ಸೆನ್ಸರ್ ಕೂರಿಸಿ ಇಳಿಯುತ್ತಿದ್ದಾನೆ. ಒಳಗೆ ನೀರೆಷ್ಟಿದೆ ಎಂಬ ಸುದ್ದಿ ಅಲ್ಲಿಂದ ವೈಫೈ ಹಿಡಿದು, ಸಮುದ್ರ ದಾಟಿ, ಯಾವುದೋ ದೇಶದ ಸರ್ವರಿನಲ್ಲಿ ಸಹಿ ಹಾಕಿಸಿಕೊಂಡು, ಅದೇ ಟ್ಯಾಂಕಿನ ಕೆಳಗೆ ಮಂಡಕ್ಕಿ ತಿನ್ನುತ್ತ ಕೂತವರ ಮೊಬೈಲಿಗೆ ಬಂದಿಳಿಯುತ್ತದೆ: ‘ನೀರು ಶೇ. 0’.

ಹುಡುಗರ ಕೆಲಸದಲ್ಲಿ ತಪ್ಪಿಲ್ಲ. ಮಾಡುವುದಾದರೆ ಸರಿಯಾಗಿ ಮಾಡಲಿ. ಸದ್ದು ಬಿಟ್ಟು, ಅದು ನೀರಿಗೆ ಬಡಿದು ಮರಳುವ ಹೊತ್ತಿನಿಂದ ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಎಂಬ ಎರಡು ಕಣ್ಣಿನ ಸೆನ್ಸರ್ ಅಗ್ಗಕ್ಕೆ ಸಿಗುತ್ತದೆಂದು ಎಲ್ಲರೂ ಮೊದಲು ತರುವುದು ಅದನ್ನೇ. ಅದರದು 5 ವೋಲ್ಟಿನ ಮಾತು, ಅದರ ಮಾತು ಕೇಳಿ ವೈಫೈಗೆ ದಾಟಿಸುವ ಇಎಸ್‌ಪಿ8266 ಬೋರ್ಡಿನದು 3.3 ವೋಲ್ಟಿನ ಕಿವಿ. ಸೆನ್ಸರಿನ ಉತ್ತರ ಹೊರಬರುವ ಎಕೋ ಪಿನ್ನನ್ನು ಬೋರ್ಡಿಗೆ ನೇರ ಜೋಡಿಸಬಾರದು. ನಡುವೆ 1 ಕಿಲೋ ಓಮ್, ಬೋರ್ಡಿನ ಪಿನ್ನಿನಿಂದ ಗ್ರೌಂಡಿಗೆ 2 ಕಿಲೋ ಓಮ್ ರೆಸಿಸ್ಟರ್ ಹಾಕಿದರೆ ವೋಲ್ಟೇಜು ಹದಕ್ಕಿಳಿಯುತ್ತದೆ. ಆದರೂ ಮುಚ್ಚಳದಡಿಯ ಆವಿ ರಾತ್ರಿ ತಣ್ಣಗಾಗಿ ಕಣ್ಣಿನ ಜಾಲರಿಯಲ್ಲಿ ಹನಿಗಟ್ಟುವುದರಿಂದ, ಕೆಲವೇ ತಿಂಗಳಲ್ಲಿ ಪೊರೆ ಬಂದು ಕಣ್ಣು ಮಂಜಾಗುತ್ತದೆ. ಕಾರಿನ ಹಿಂಬದಿ ಬಂಪರಿನಲ್ಲಿರುವಂಥ, ನೀರು ತಾಗದ ಜೆಎಸ್‌ಎನ್-ಎಸ್‌ಆರ್04ಟಿ ವಾಸಿ. ಅದಕ್ಕೂ ಒಂದು ಚಾಳಿ: 20-25 ಸೆಂ.ಮೀ.ಗಿಂತ ಹತ್ತಿರದ್ದು ಕಾಣುವುದಿಲ್ಲ. ಟ್ಯಾಂಕು ತುಂಬಿ ನೀರು ಮುಚ್ಚಳದ ಹತ್ತಿರ ಬಂದಾಗಲೇ ಬಾಯಿಗೆ ಬಂದ ಅಂಕಿ ಹೇಳುತ್ತದೆ. (ಟ್ಯಾಂಕು ತುಂಬುವುದೇ ಅಪರೂಪವಾದ ಓಣಿಗಳಲ್ಲಿ ಈ ದೋಷ ಗೊತ್ತೇ ಆಗುವುದಿಲ್ಲ.) ಮುಚ್ಚಳದ ಮೇಲೆ 4 ಇಂಚಿನ ಪೈಪಿನ ತುಂಡು ನಿಲ್ಲಿಸಿ ಸೆನ್ಸರನ್ನು ಒಂದು ಗೇಣು ಮೇಲೆತ್ತಬೇಕು. ಪೈಪಿನ ಕೊಯ್ದ ಅಂಚು ಉಜ್ಜಿ ನಯ ಮಾಡದಿದ್ದರೆ ಅಂಚನ್ನೇ ನೀರೆಂದು ತಿಳಿಯುತ್ತದೆ.

ಬೇಸಿಗೆಯದು ಬೇರೆಯದೇ ಲೀಲೆ. 20 ಡಿಗ್ರಿಯಲ್ಲಿ ಸದ್ದು ಸೆಕೆಂಡಿಗೆ 343 ಮೀಟರ್ ಓಡಿದರೆ 40 ಡಿಗ್ರಿಯಲ್ಲಿ 355. ಪ್ರೋಗ್ರಾಮಿನಲ್ಲಿ 343 ಎಂದೇ ಬರೆದಿಟ್ಟಿದ್ದರೆ, ಏಪ್ರಿಲ್ ಮಧ್ಯಾಹ್ನ 1 ಮೀಟರ್ ಕೆಳಗಿರುವ ನೀರು 3 ಸೆಂ.ಮೀ.ಗೂ ಹೆಚ್ಚು ಮೇಲೆ ಬಂದಂತೆ ಕಾಣುತ್ತದೆ. 1 ಮೀಟರ್ ಅಡ್ಡಳತೆಯ ಟ್ಯಾಂಕಿನಲ್ಲಿ 1 ಸೆಂ.ಮೀ. ಎಂದರೆ ಸುಮಾರು 8 ಲೀಟರ್. ಹೆಚ್ಚುಕಡಿಮೆ ಎರಡು ಕೊಡ ನೀರು ಬರೀ ಸೆಕೆಯಿಂದ ಹುಟ್ಟಿತು. ಭಗೀರಥ ಇಷ್ಟು ಸುಲಭದಲ್ಲಿ ಮುಗಿಸಿರಲಿಲ್ಲ.

ಮೋಟಾರನ್ನೂ ಮೊಬೈಲಿನಿಂದಲೇ ಓಡಿಸುವ ಹಂಬಲವಿದ್ದವರು ಬೋರ್ಡಿನ ಮಾತಿಗೆ ಕರೆಂಟು ಹಚ್ಚಿ ಆರಿಸುವ ಪುಟ್ಟ ಸ್ವಿಚ್ಚು, ಅಂದರೆ ನೀಲಿ ಬಣ್ಣದ 10 ಆಂಪಿಯರ್ ರಿಲೇ ನಂಬಬಾರದು. 1 ಎಚ್‌ಪಿ ಮೋಟಾರು ಶುರುವಾಗುವಾಗ ಐದಾರು ಪಟ್ಟು ಕರೆಂಟು ಎಳೆದು ಅದರ ತುಟಿಗಳನ್ನೇ ಬೆಸೆದುಬಿಡುತ್ತದೆ; ಆಮೇಲೆ ಮೊಬೈಲಿನಲ್ಲಿ ‘ಬಂದ್’, ಸಂಪಿನಲ್ಲಿ ‘ಚಾಲೂ’. ನಡುವೆ ಭಾರೀ ಕರೆಂಟು ತಾಳುವ ದೊಡ್ಡ ಸ್ವಿಚ್ಚು, ಕಾಂಟ್ಯಾಕ್ಟರ್ ಇರಲಿ.

ಇಷ್ಟೆಲ್ಲ ಆದರೂ ಮನೆಯವರಿಗೆ ಬೇಕಾದ ಸುದ್ದಿಯೇ ಬೇರೆ: ನಳ ಯಾವಾಗ ಬರುತ್ತೆ? ತುಂಗಭದ್ರೆಯನ್ನು ರಾಜನಹಳ್ಳಿಯಲ್ಲಿ ಎತ್ತುತ್ತಾರೆ, ಭದ್ರಾ ನಾಲೆಯ ನೀರನ್ನು ಕುಂದವಾಡ ಕೆರೆಯಲ್ಲಿ ತುಂಬಿಟ್ಟುಕೊಳ್ಳುತ್ತಾರೆ. ಜಲಸಿರಿ ಎಂಬ ಯೋಜನೆಯ ಬೆನ್ನಿಗೆ 24×7 ಎಂಬ ಅಂಕಿಯೂ ಇದೆ. ಅದು ನೀರು ಬರುವ ಹೊತ್ತೋ, ಕಾಯುವ ಹೊತ್ತೋ ಎಂದು ಬಿಡಿಸಿ ಹೇಳಿದವರಿಲ್ಲ. ಇಷ್ಟು ದೂರ ಬಂದ ನೀರು ಕೊನೆಗೆ ನಿಲ್ಲುವುದು ಓಣಿಯ ಮೂಲೆಯ ಒಂದು ಗುಂಡಿಯಲ್ಲಿ. ಅದನ್ನು ಬಿಡುವುದು ವಾಲ್‌ಮನ್ ಕೈಯಲ್ಲಿರುವ, ಎದೆಮಟ್ಟದ, ಟಿ ಆಕಾರದ ಕಬ್ಬಿಣದ ಕೀಲಿ. ಇಡೀ ಸ್ಮಾರ್ಟ್ ಊರಿನಲ್ಲಿ ನೀರಿನ ಟೈಮ್‌ಟೇಬಲ್ ಬಲ್ಲ ಉಪಕರಣ ಅದೊಂದೇ. ಅದಕ್ಕೆ ವೈಫೈ ಇಲ್ಲ.

ಹುಡುಗರು ಸೋಲುವವರಲ್ಲ. ನಳದ ಪೈಪಿಗೆ ವೈಎಫ್-ಎಸ್201 ಎಂಬ ಅರ್ಧ ಇಂಚಿನ ಫ್ಲೋ ಸೆನ್ಸರ್ ಕೂರಿಸಿದರು. ಒಳಗೊಂದು ಪುಟ್ಟ ಚಕ್ರ, ಅದು ತಿರುಗಿದಂತೆ ಲೀಟರಿಗೆ ಸುಮಾರು 450 ಪಲ್ಸ್, ಅಂದರೆ ಕರೆಂಟಿನ ಮಿಡಿತ. ಚಕ್ರ ತಿರುಗಿತೋ, ಮೊಬೈಲು ಕೂಗಿತು ‘ನೀರು ಬಂತು!’ ತೊಡಕು ಒಂದೇ: ಖಾಲಿ ಬಿದ್ದ ಪೈಪಿಗೆ ನೀರು ಬಿಟ್ಟಾಗ ಮೊದಲು ಬರುವುದು ಗಾಳಿ, ಆ ಚಕ್ರ ಗಾಳಿಗೆ ಇನ್ನೂ ಜೋರಾಗಿ ತಿರುಗುತ್ತದೆ. ಮನೆ ಮುಂದಿನ ನೀರಿನ ಮೀಟರಿಗೂ ಇದೇ ಕಾಯಿಲೆ ಇದೆ, ಆದರೆ ಅದರ ಬಿಲ್ಲಿನಲ್ಲಿ ‘ಗಾಳಿ’ ಎಂಬ ಕಾಲಂ ಇಲ್ಲ.

ಮದ್ದು ಇಷ್ಟೆ. ಪೈಪಿನ ಮೇಲ್ಭಾಗಕ್ಕೆ 2 ಸೆಂ.ಮೀ. ಅಂತರದಲ್ಲಿ ಎರಡು ಸ್ಟೀಲ್ ಸ್ಕ್ರೂ ಬಿಗಿದು, ಅವುಗಳ ನಡುವೆ ಕರೆಂಟು ಹರಿದು, ಚಕ್ರವೂ ತಿರುಗಿದರೆ ಮಾತ್ರ ನೀರೆಂದು ನಂಬುವುದು. ಸ್ಕ್ರೂಗಳಿಗೆ ಸದಾ ವೋಲ್ಟೇಜು ಬಿಟ್ಟರೆ ಸವೆದು ಹೋಗುತ್ತವೆ. ಅಳೆಯುವ ಕ್ಷಣಕ್ಕಷ್ಟೇ ಕೊಡಬೇಕು. ಈ ಸ್ಕ್ರೂ ಬಿಗಿಯದ ಮನೆಯಲ್ಲಿ ನಡುರಾತ್ರಿ ಎರಡೂವರೆಗೆ ಮೊಬೈಲು ಅರಚುತ್ತದೆ. ಮನೆಮಂದಿಯೆಲ್ಲ ಕೊಡ, ಬಕೆಟ್ಟು, ಹಂಡೆ ಹೊತ್ತು ಅಂಗಳಕ್ಕೆ ಓಡಿಬರುತ್ತಾರೆ. ನಳ ಉಸ್ಸೆನ್ನುತ್ತದೆ, ಕೆಮ್ಮುತ್ತದೆ, ಸುಮ್ಮನಾಗುತ್ತದೆ. ಗದ್ದಲಕ್ಕೆ ಎಚ್ಚರಾದ ಎದುರುಮನೆ ಅಜ್ಜಿ ಬಾಗಿಲಲ್ಲಿ ನಿಂತು ಕೇಳುತ್ತಾಳೆ:

“ಏನಂತೈತೋ ತಮ್ಮಾ ನಿನ್ ಮಿಷಿನ್ನು?”

“43 ಲೀಟರ್ ಬಂದೈತಂತೆ ಅಜ್ಜಿ.”

“ಹಂಗಾರೆ ನನಗೂ ಒಂದು ಕೊಡ ಹಾಕಪ್ಪಾ.”