ಮೂರನೇ ಕೂಗು

ಹೋದ ಭಾನುವಾರ ನಮ್ಮ ಮನೆ ಕುಕ್ಕರ್ ಎಷ್ಟು ಸಲ ಕೂಗಿತು ಅನ್ನುವುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಪಕ್ಕದ ಮನೆಯವರು ನಾಲ್ಕು ಅನ್ನುತ್ತಾರೆ. ಅವರ ಅಳಿಯ ಏಳು ಅನ್ನುತ್ತಾನೆ. ನನ್ನ ಲೆಕ್ಕದಲ್ಲಿ ಮೂರು. ಇದಕ್ಕೆಲ್ಲ ಕಾರಣ 2010ರಲ್ಲಿ ಒಬ್ಬ ರೆಫರಿ ಊದಿದ ಸೀಟಿ. ಊದಿದ ಅಂತ ಹೇಳಿದರೂ ಕಷ್ಟ, ಜಗಳ ಇರುವುದೇ ಅಲ್ಲಿ.

ನಾವಿರುವುದು ಅಮೆರಿಕದ ಮಿಷಿಗನ್ ರಾಜ್ಯದ ಆನ್ ಆರ್ಬರ್‌ನಲ್ಲಿ. ಯೂನಿವರ್ಸಿಟಿ ಊರು. ಚಳಿಗಾಲ ಬಂತೆಂದರೆ ಇಲ್ಲಿಯವರಿಗೆ ಕಾಲೇಜು ಐಸ್ ಹಾಕಿ ಹುಚ್ಚು. ಬಂದ ಹೊಸದರಲ್ಲಿ ಪಕ್ಕದ ಮನೆಯವರು ನನ್ನನ್ನೂ ಯೋಸ್ಟ್ ಅರೀನಾಗೆ ಕರೆದುಕೊಂಡು ಹೋಗಿದ್ದರು. 1923ರ ಹಳೇ ಇಟ್ಟಿಗೆ ಕಟ್ಟಡ. ಒಳಗೆ 200 ಅಡಿ ಉದ್ದ, 85 ಅಡಿ ಅಗಲದ ಐಸು. ಅದರ ಮೇಲೆ 3 ಇಂಚು ಅಗಲದ ಒಂದು ಕಪ್ಪು ರಬ್ಬರ್ ಬಿಲ್ಲೆ. ಸೀದುಹೋದ ಉದ್ದಿನವಡೆ ಥರ, ತೂತಿಲ್ಲ ಅಷ್ಟೇ. ಅದಕ್ಕೆ ಪಕ್ ಅನ್ನುತ್ತಾರೆ. ಪುಟಿಯಬಾರದು ಅಂತ ಆಟಕ್ಕೆ ಮುಂಚೆ ಅದನ್ನು ಫ್ರೀಜರ್‌ನಲ್ಲಿ ಬೇರೆ ಇಡುತ್ತಾರಂತೆ. ಇಪ್ಪತ್ತು ಇಪ್ಪತ್ತು ನಿಮಿಷದ ಮೂರು ಭಾಗ ಆಟ. ಅಷ್ಟರಲ್ಲಿ ನಾನು ಪಕ್ಕನ್ನು ಸರಿಯಾಗಿ ನೋಡಿದ್ದು ಎರಡು ಸಲ. ಎರಡು ಸಲವೂ ಅದು ಅಂಪೈರ್ ಥರದವರ ಕೈಯಲ್ಲಿತ್ತು. ಉಳಿದಂತೆ ಎಲ್ಲರೂ ಎದ್ದಾಗ ಎದ್ದೆ, ಕೂತಾಗ ಕೂತೆ. ದೇವಸ್ಥಾನದಲ್ಲಿ ಮಂತ್ರ ಗೊತ್ತಿಲ್ಲದವನು ಮಾಡುವ ಹಾಗೆ.

ಈಗ ಮಾವ-ಅಳಿಯನ ವಿಷಯಕ್ಕೆ ಬರೋಣ. ಮಾವ ಮಿಷಿಗನ್ ಯೂನಿವರ್ಸಿಟಿಯಲ್ಲಿ ಓದಿದವರು. ಅಳಿಯ ಮಯಾಮಿ ಯೂನಿವರ್ಸಿಟಿಯವನು. ಮಯಾಮಿ ಅಂದರೆ ಸಮುದ್ರ, ಬಿಸಿಲು ಅಂದುಕೊಳ್ಳಬೇಡಿ. ಇದು ಓಹಾಯೊ ರಾಜ್ಯದಲ್ಲಿದೆ, ಚೆನ್ನಾಗಿ ಹಿಮ ಬೀಳುವ ಜಾಗ. 2010ರ ಮಾರ್ಚ್‌ನಲ್ಲಿ ಇಂಡಿಯಾನಾದ ಫೋರ್ಟ್ ವೇನ್‌ನಲ್ಲಿ ಈ ಎರಡು ತಂಡಗಳ ನಾಕೌಟ್ ಪಂದ್ಯ ನಡೆಯಿತು. 2–2ರಲ್ಲಿ ಸಮ ಆಗಿ ಓವರ್‌ಟೈಮ್‌ಗೆ ಹೋಯಿತು. ಓವರ್‌ಟೈಮ್‌ನಲ್ಲಿ ಒಂದು ಗೋಲು ಬಿದ್ದರೆ ಅಲ್ಲಿಗೆ ಮುಗಿಯಿತು. ಮಿಷಿಗನ್ ಹುಡುಗರು ಪಕ್ಕನ್ನು ಬಲೆಗೆ ತಳ್ಳಿಯೇ ಬಿಟ್ಟರು. ಕುಣಿದರು. ರೆಫರಿ ಮಾತ್ರ ಗೋಲು ಇಲ್ಲ ಅಂದ.

ಯಾಕೆಂದರೆ ಗೋಲ್‌ಕೀಪರ್ ಹತ್ತಿರ ಪಕ್ ರೆಫರಿಯ ಕಣ್ಣಿಗೆ ಮರೆಯಾಗಿತ್ತು. ಮರೆಯಾದರೆ ಸೀಟಿ ಊದಿ ಆಟ ನಿಲ್ಲಿಸಬೇಕು. ಊದಬೇಕು ಅಂತ ಅವನು ಮನಸ್ಸು ಮಾಡಿದ ಗಳಿಗೆಗೇ ಆಟ ನಿಂತ ಲೆಕ್ಕ. ಸದ್ದು ಆಮೇಲೆ ಬಂದರೂ ಪರವಾಗಿಲ್ಲ. ಹಾಕಿಯಲ್ಲಿ ಹಾಗೊಂದು ನಿಯಮ ಇದೆ.

ಎರಡನೇ ಓವರ್‌ಟೈಮ್‌ನಲ್ಲಿ ಮಯಾಮಿ ಗೋಲು ಹೊಡೆದು 3–2ರಲ್ಲಿ ಗೆದ್ದಿತು. ಮಾವನಿಗೆ ಹೊಟ್ಟೆ ಉರಿಯುವುದಕ್ಕೆ ಇನ್ನೊಂದು ಕಾರಣವಿದೆ. ಆ ವರ್ಷ ಫ್ರೋಜನ್ ಫೋರ್, ಅಂದರೆ ಸೆಮಿಫೈನಲ್ಲು ಫೈನಲ್ಲು, ನಡೆದಿದ್ದು ಡೆಟ್ರಾಯಿಟ್‌ನಲ್ಲಿ. ಇಲ್ಲಿಂದ ಮುಕ್ಕಾಲು ಗಂಟೆ ದಾರಿ. ಮನೆ ಎದುರೇ ಮದುವೆ, ಇವರಿಗೆ ಮಾತ್ರ ಕರೆಯೋಲೆ ಇಲ್ಲ ಅನ್ನುವ ಹಾಗಾಯಿತು. ಅಲ್ಲಿ ಮಯಾಮಿ ಬಾಸ್ಟನ್ ಕಾಲೇಜಿನ ಕೈಯಲ್ಲಿ 7–1ರಲ್ಲಿ ಚಚ್ಚಿಸಿಕೊಂಡಿತು. ಈ ಅಂಕಿ ಹೇಳುವಾಗ ಮಾತ್ರ ಮಾವನ ಮುಖದಲ್ಲಿ ಹೋಳಿಗೆ ತಿಂದ ಕಳೆ.

ಭಾನುವಾರ ಇಬ್ಬರನ್ನೂ ಊಟಕ್ಕೆ ಕರೆದಿದ್ದೆ. ನನ್ನ ಹೆಂಡತಿ ಬಿಸಿಬೇಳೆ ಬಾತಿಗೆ ಅಕ್ಕಿ, ಬೇಳೆ, ತರಕಾರಿ ಎಲ್ಲ ಕುಕ್ಕರ್‌ಗೆ ಹಾಕಿ, ಮಗಳನ್ನು ಡ್ಯಾನ್ಸ್ ಕ್ಲಾಸಿನಿಂದ ಕರೆತರಲು ಹೊರಟಳು. ಬಾಗಿಲಲ್ಲಿ ನಿಂತು, "ರೀ, ಮೂರು ಕೂಗು ಆದ ತಕ್ಷಣ ಆಫ್ ಮಾಡಿ. ಮೂರೇ" ಅಂದಳು. ಬೆರಳು ಕೂಡ ತೋರಿಸಿದಳು.

ಅವಳ ಕಾರು ತಿರುಗಿತೋ ಇಲ್ಲವೋ, ಮಾವ-ಅಳಿಯ ಬಂದರು. ಬಂದವರೇ ಲ್ಯಾಪ್‌ಟಾಪ್ ತೆಗೆದರು.

"ಇಲ್ಲಿ ನೋಡು, ಪಕ್ ಎದ್ದು ಕಾಣ್ತಿದೆ. ಸೀಟಿ ಎಲ್ಲಿ? ಕೇಳಿಸ್ತಾ ನಿನಗೆ?" ಅಂದರು ಮಾವ.

"ನಿಮಗೆ ಕಾಣೋದು ಕ್ಯಾಮೆರಾ ಕಡೆಯಿಂದ. ರೆಫರಿ ನಿಂತಿರೋದು ಈ ಕಡೆ" ಅಂದ ಅಳಿಯ. "ಮನಸ್ಸಿಗೆ ಬಂದದ್ದು ಬಾಯಿಗೆ ಬರೋಕೆ ಟೈಮ್ ಬೇಡ್ವಾ?"

"ಸೀಟಿ ಬೆರಳಲ್ಲೇ ಇರುತ್ತಲ್ಲಯ್ಯ!"

ಅದು ನಿಜ. ಹಾಕಿ ರೆಫರಿಗಳು ಸೀಟಿಯನ್ನು ಕುತ್ತಿಗೆಗೆ ನೇತುಹಾಕಿಕೊಳ್ಳುವುದಿಲ್ಲ, ಬೆರಳಿಗೇ ಸಿಕ್ಕಿಸಿಕೊಂಡಿರುತ್ತಾರೆ.

ಆಗ ಕುಕ್ಕರ್ ಮೊದಲ ಸಲ ಕೂಗಿತು. ಅಳಿಯ ಸೋಫಾದಿಂದ ಒಂದಡಿ ಮೇಲೆ ಹಾರಿದ. ಅಡುಗೆಮನೆಯಲ್ಲಿ ಏನೋ ಸಿಡಿಯಿತು ಅಂದುಕೊಂಡನಂತೆ. ಇನ್ನೂ ಎರಡು ಸಲ ಹೀಗೇ ಆಗುತ್ತದೆ, ಆಮೇಲೆ ಊಟ ಅಂತ ಸಮಾಧಾನ ಮಾಡಿದೆ.

ಮಾವ ಅಷ್ಟರಲ್ಲಿ 2009ಕ್ಕೆ ಹೋಗಿದ್ದರು. ಆ ವರ್ಷ ವರ್ಮಾಂಟ್ ಮತ್ತು ಏರ್‌ಫೋರ್ಸ್ ಅಕಾಡೆಮಿ ಪಂದ್ಯದಲ್ಲೂ ಎರಡನೇ ಓವರ್‌ಟೈಮ್. ವರ್ಮಾಂಟ್ ಹುಡುಗ ಹೊಡೆದ ಪಕ್ ಬಲೆಯನ್ನೇ ತೂರಿಕೊಂಡು ಆಚೆ ಹೋಯಿತು. ಯಾರಿಗೂ ಗೊತ್ತಾಗಲಿಲ್ಲ, ಆಟ ಮುಂದುವರಿಯಿತು. ಆಮೇಲೆ ಆಟ ನಿಂತಾಗ ವಿಡಿಯೋ ನೋಡಿ ಗೋಲು ಕೊಟ್ಟರು. ಅಲ್ಲೂ 3–2.

"ಯಾರೂ ನೋಡದ ಗೋಲನ್ನ ಕೊಟ್ಟರು. ಊರೆಲ್ಲ ನೋಡಿದ ಗೋಲನ್ನ ಯಾಕೆ ಕೊಡಲಿಲ್ಲ?"

ಪ್ರಶ್ನೆ ಚೆನ್ನಾಗಿತ್ತು. ನಾನೂ ಮುಂದೆ ಬಾಗಿ ಕೂತೆ. ವಿಡಿಯೋವನ್ನು ನಿಧಾನ ಮಾಡಿದೆವು, ಹಿಂದಕ್ಕೆ ತಂದೆವು, ದೊಡ್ಡದು ಮಾಡಿದೆವು. ಪಕ್ ಮಸುಕಾಗಿ ಮೆಣಸಿನಕಾಳಿನ ಥರ ಕಾಣುತ್ತಿತ್ತು. ಹಿಂದೆ ಎಲ್ಲೋ ಕುಕ್ಕರ್ ಕೂಗುತ್ತಿತ್ತು. ಮೂರನೆಯದಕ್ಕೆ ಏಳಬೇಕು ಅಂತ ನಾನು ಖಂಡಿತ ಅಂದುಕೊಂಡೆ. ಒಂದು ಕಾಲನ್ನು ಮುಂದಕ್ಕೆ ಇಟ್ಟಿದ್ದೆ ಕೂಡ. ಅಷ್ಟರಲ್ಲಿ ಮಾವ, "ನಿಲ್ಲು, ಇದೇ ಫ್ರೇಮು!" ಅಂದರು.

ಆಮೇಲೆ ಕೂಗಿದ್ದು ಕುಕ್ಕರ್ ಅಲ್ಲ, ಹೊಗೆ ಅಲಾರಂ. ಇಲ್ಲಿಯ ಮನೆಗಳಲ್ಲಿ ಸೂರಿಗೆ ಒಂದು ಬಿಳೀ ಡಬ್ಬಿ ಹಾಕಿರುತ್ತಾರೆ. ಒಗ್ಗರಣೆಗೆ ಮೆಣಸಿನಕಾಯಿ ಹಾಕಿದರೇ ಅದು ಅರಚಿಕೊಳ್ಳುತ್ತದೆ. ಇನ್ನು ಬೇಳೆ ಹೊತ್ತಿದರೆ ಕೇಳಬೇಕಾ? ಕುಕ್ಕರ್ ತಣ್ಣೀರಿನ ಕೆಳಗೆ, ಕಿಟಕಿ ಬಾಗಿಲೆಲ್ಲ ತೆರೆದು, ಹೊರಗಿನ ಕೊರೆಯುವ ಚಳಿ ಒಳಗೆ. ಮಾವ ಕುರ್ಚಿ ಮೇಲೆ ನಿಂತು ಟವೆಲ್‌ನಿಂದ ಗಾಳಿ ಹಾಕುತ್ತಿದ್ದರು. ಅದೇ ಹೊತ್ತಿಗೆ ನನ್ನ ಹೆಂಡತಿ ಒಳಗೆ ಬಂದಳು.

"ಎಷ್ಟು ಕೂಗು?"

ಮೂರೂ ಜನ ಮೂರು ಅಂಕಿ ಹೇಳಿದೆವು.

"ಮೂರನೇ ಕೂಗಿಗೇ ಆಫ್ ಮಾಡಬೇಕು ಅಂತ ಮನಸ್ಸು ಮಾಡಿದ್ದೆ ಕಣೇ" ಅಂದೆ.

ಹೇಳಿದ ಮೇಲೆ ಹೊಳೆಯಿತು, ನಾನು ಏನು ಹೇಳಿಬಿಟ್ಟೆ ಅಂತ. ಮಾವ ಕುರ್ಚಿಯಿಂದ ಇಳಿದರು. ಇಷ್ಟು ವರ್ಷ ನನ್ನ ಸ್ನೇಹಿತರು, ನಮ್ಮನೆ ಕಾಫಿ ಕುಡಿದವರು. "ಮನಸ್ಸು ಮಾಡಿದ್ದು ಲೆಕ್ಕಕ್ಕಿಲ್ಲ. ಕೈ ಒಲೆ ಮೇಲೆ ಹೋಯ್ತಾ ಇಲ್ವಾ ಅಷ್ಟೇ" ಅಂದರು. ಅಳಿಯ ನನ್ನ ಪರ ನಿಂತ. ಮೂರಕ್ಕೇ ಕುಕ್ಕರ್ ನಿಂತಂತೆ, ಮಿಕ್ಕ ನಾಲ್ಕು ಕೂಗು ರದ್ದು ಅಂದ.

"ರದ್ದಾದರೆ ತಳದಲ್ಲಿ ಇದೇನು?" ಅಂತ ನನ್ನ ಹೆಂಡತಿ ಕುಕ್ಕರ್ ಬಗ್ಗಿಸಿ ತೋರಿಸಿದಳು. ಅರ್ಧ ಇಂಚು ಕರಿ. ಪಕ್ಕಿನ ಬಣ್ಣ, ಹೆಚ್ಚೂಕಡಿಮೆ ಅದರಷ್ಟೇ ಗಟ್ಟಿ.

ಮೇಲಿನ ಪದರ ತೆಗೆದು, ತುಪ್ಪ ಜಾಸ್ತಿ ಹಾಕಿ, ಆಲೂಗಡ್ಡೆ ಚಿಪ್ಸ್ ಜೊತೆ ಹೇಗೋ ಊಟ ಆಯಿತು. ಅಳಿಯ ಆ ಹೊತ್ತಿದ ವಾಸನೆಯನ್ನು ನಮ್ಮ ಕಡೆಯ ವಿಶೇಷ ಮಸಾಲೆ ಅಂದುಕೊಂಡು ಎರಡು ಸಲ ಬಡಿಸಿಕೊಂಡ. ನಾವು ತಿದ್ದಲಿಲ್ಲ. ಕುಕ್ಕರ್ ಉಜ್ಜುವುದು ನನ್ನ ಪಾಲಿಗೆ ಬಂತು. ಸಿಂಕಿನ ಮುಂದೆ ಸ್ಟೀಲ್ ನಾರು ಹಿಡಿದು ನಿಂತಿದ್ದಾಗ ಹಾಲಿನಿಂದ ಮತ್ತೆ ಅದೇ ವಿಡಿಯೋ ಸದ್ದು ಕೇಳಿಸಿತು. ಈ ಸಲ ಬಟನ್ ಒತ್ತುತ್ತಿದ್ದುದು ನನ್ನ ಹೆಂಡತಿ.

"ರೀ, ಇದು ಗೋಲೇ ಅಲ್ವಾ?"

"ಅಲ್ಲ" ಅಂದೆ.